ಬಿಡಿ, ಇಡಿ ಮತ್ತು ಗಣ: ಲೋಜ್‌ಬಾನ್ ಭಾಷೆಯಲ್ಲಿ ವ್ಯಷ್ಟಿ–ಸಮಷ್ಟಿಗಳ ತಾರ್ಕಿಕ ಅರ್ಥ

‘ಮೂವರು ಮೇಜನ್ನು ಹೊತ್ತರು’ ಎಂಬ ವಾಕ್ಯವನ್ನು ಗಮನಿಸಬಹುದು. ಮೂವರೂ ಕೂಡಿ ಒಮ್ಮೆ ಹೊತ್ತರೋ, ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹೊತ್ತರೋ ಎಂಬುದನ್ನು ವಾಕ್ಯದ ರೂಪ ತಿಳಿಸುವುದಿಲ್ಲ. ಅಗತ್ಯವಿದ್ದಾಗ ಕನ್ನಡವು ‘ಕೂಡಿ’, ‘ಒಬ್ಬೊಬ್ಬರೂ’, ‘ತಲಾ’ ಮುಂತಾದ ಪದಗಳ ನೆರವು ಪಡೆಯುತ್ತದೆ. ಆದರೆ ಅವನ್ನು ಬಳಸಲೇಬೇಕೆಂಬ ನಿಯಮವಿಲ್ಲ. ಈ ಭೇದವನ್ನು ವ್ಯಾಕರಣದೊಳಗೇ ಅಳವಡಿಸಿಕೊಂಡ ಭಾಷೆ ಲೋಜ್‌ಬಾನ್.

ಲೋಜ್‌ಬಾನ್ ಯಾವ ಜನಸಮುದಾಯದ ತಾಯ್ನುಡಿಯೂ ಅಲ್ಲ. ತರ್ಕಶಾಸ್ತ್ರದ ತಳಹದಿಯ ಮೇಲೆ ರಚಿತವಾದ ಕೃತಕ ಭಾಷೆ. ಭಾಷೆಯು ಆಲೋಚನೆಯನ್ನು ರೂಪಿಸುತ್ತದೆಯೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಲೋಗ್ಲಾನ್ ಎಂಬ ಭಾಷೆಯ ರಚನೆಗೆ ತೊಡಗಿದರು. ಅದರಿಂದ ಕವಲೊಡೆದ ಲೋಜ್‌ಬಾನ್‌ನ ಕೆಲಸವನ್ನು 1987ರಲ್ಲಿ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್ ಎಂಬ ಸಂಸ್ಥೆ ಕೈಗೆತ್ತಿಕೊಂಡಿತು. ಜಾನ್ ಕೋವನ್ ರಚಿಸಿದ ವ್ಯಾಕರಣ 1997ರಲ್ಲಿ ಪ್ರಕಟವಾಯಿತು. ಅದರ ಮೂಲ ಪದಗಳನ್ನು ಚೀನೀ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್ ಮತ್ತು ಅರಬ್ಬಿ ಎಂಬ ಆರು ಭಾಷೆಗಳ ಆಧಾರದಿಂದ ರೂಪಿಸಲಾಗಿದೆ.

ಕೋವನ್ ಅವರ ವ್ಯಾಕರಣದಂತೆ ನಾಮಪದದ ಹಿಂದೆ ಬರುವ ಒಂದು ಕಿರುಪದವೇ ಅರ್ಥವನ್ನು ನಿರ್ಧರಿಸುತ್ತದೆ. ‘ಪ್ರೆನು’ ಎಂದರೆ ಮನುಷ್ಯ. ‘ಲೆ ಪ್ರೆನು’ ಎಂದರೆ ನಾನು ಉದ್ದೇಶಿಸಿದ ಮನುಷ್ಯರಲ್ಲಿ ಪ್ರತಿಯೊಬ್ಬರೂ; ಇದು ಬಿಡಿ. ‘ಲೆಯ್ ಪ್ರೆನು’ ಎಂದರೆ ಅದೇ ಮನುಷ್ಯರು ಒಂದು ಒಟ್ಟಾಗಿ. ಇದು ಇಡಿ, ಅಂದರೆ ಸಮಷ್ಟಿ. ‘ಲೆಹಿ ಪ್ರೆನು’ ಎಂದರೆ ಅವರ ಗಣ, ಗಣಿತದಲ್ಲಿ ಹೇಳುವ ಅರ್ಥದಲ್ಲಿ. ಮೂವರ ಸಮಷ್ಟಿ ಮೇಜನ್ನು ಹೊರಬಲ್ಲದು. ಮೂವರ ಗಣ ಹೊರಲಾರದು. ಗಣಕ್ಕೆ ಸದಸ್ಯರಿದ್ದಾರೆ, ಸಂಖ್ಯೆಯಿದೆ, ಆದರೆ ತೋಳುಗಳಿಲ್ಲ.

ಸಮಷ್ಟಿಯ ತರ್ಕ ಇನ್ನಷ್ಟು ಸೂಕ್ಷ್ಮವಾದುದು. ‘ಜೇನುನೊಣ ಕುಟುಕುತ್ತದೆ’ ಎಂಬ ಮಾತನ್ನು ಪ್ರತಿಯೊಂದು ನೊಣಕ್ಕೂ ಅನ್ವಯಿಸಿದರೆ ಅದು ಸುಳ್ಳು, ಗಂಡುನೊಣಗಳು ಕುಟುಕಲಾರವು. ಜೇನುನೊಣಗಳ ಸಮಷ್ಟಿಯನ್ನು ಸೂಚಿಸುವ ‘ಲೊಯ್’ ಬಳಸಿದರೆ ಅದು ನಿಜ. ಏಕೆಂದರೆ ಸಮಷ್ಟಿಯ ಯಾವುದೋ ಒಂದು ಭಾಗ ಕುಟುಕಿದರೂ ಸಾಕು. ಇದೇ ನ್ಯಾಯದಂತೆ ‘ಜೇನುನೊಣ ಕುಟುಕುವುದಿಲ್ಲ’ ಎಂಬುದೂ ನಿಜವಾಗಬಹುದು. ಇನ್ನೊಂದೆಡೆ, ಯಾವ ಒಂದು ನೊಣಕ್ಕೂ ಸಲ್ಲದ ಗುಣವೂ ಸಮಷ್ಟಿಗೆ ಸಲ್ಲಬಹುದು: ಇಡೀ ಹುಟ್ಟನ್ನು ಕಟ್ಟಿದ್ದು ಒಟ್ಟು ನೊಣಗಳೇ ಹೊರತು ಯಾವುದೋ ಒಂದಲ್ಲ.

ಮುಂದೆ 2000ದ ದಶಕದಲ್ಲಿ ‘ಕ್ಸೋರ್ಲೋ’ ಎಂಬ ಸುಧಾರಣೆ ಬಳಕೆಗೆ ಬಂದಿತು. ಅದರಂತೆ ‘ಲೊ’ ಎಂಬ ಕಿರುಪದ ಬಿಡಿಯನ್ನಾಗಲಿ ಇಡಿಯನ್ನಾಗಲಿ ತಾನಾಗಿ ವಿಧಿಸದು. ಬೇಕಾದಾಗ ಹೇಳುವವನೇ ಸ್ಪಷ್ಟಪಡಿಸಬೇಕು. ಎಲ್ಲವನ್ನೂ ಖಚಿತಪಡಿಸಹೊರಟ ಭಾಷೆಯೂ ಮೌನಕ್ಕೆ ಒಂದಿಷ್ಟು ಎಡೆ ಉಳಿಸಿಕೊಂಡದ್ದು ಗಮನಾರ್ಹ.

ಜಾನಪದ ಸಂಶೋಧಕರಿಗೆ ಈ ವಿವೇಚನೆ ದೂರದ್ದಲ್ಲ. ‘ಜನಪದರು ಹೀಗೆ ನಂಬುತ್ತಾರೆ’ ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಪ್ರಸ್ತುತ ಲೇಖಕನೂ ಬರೆದಿರುವುದುಂಟು. ಕ್ಷೇತ್ರಕಾರ್ಯದಲ್ಲಿ ಒಬ್ಬ ಹಾಡುಗಾರ್ತಿ ಹೇಳಿದ ಮಾತು ‘ಲೊಯ್’ನ ಅರ್ಥದಲ್ಲಿ ಸಮಷ್ಟಿಯ ಮಾತಾಗಿ ನಿಜವೇ ಇರಬಹುದು. ಓದುಗರು ಮಾತ್ರ ಅದನ್ನು ‘ಪ್ರತಿಯೊಬ್ಬರೂ’ ಎಂದು ಗ್ರಹಿಸುತ್ತಾರೆ. ಹೀಗೆ ಒಬ್ಬಳ ನುಡಿ ಇಡೀ ಸಮುದಾಯದ ಹಣೆಪಟ್ಟಿಯಾಗುತ್ತದೆ. ಅದೇ ಹೊತ್ತಿಗೆ ಆಕೆಯ ಹೆಸರು ಸಮಷ್ಟಿಯಲ್ಲಿ ಕರಗಿಹೋಗುತ್ತದೆ. ನಷ್ಟ ಎರಡೂ ಕಡೆಗೆ. ಕೋಲಾಟದ ಸ್ಥಿತಿ ಬೇರೆ. ಅದು ನಿಜಕ್ಕೂ ತಂಡದ ಕೃತಿ. ಅದನ್ನು ಬಿಡಿ ಕುಣಿತಗಾರರಿಗೆ ಹಂಚಿದರೆ ಕೋಲಾಟವೇ ಉಳಿಯದು. ಇನ್ನು ಕಲಾವಿದರ ಎಣಿಕೆ ಗಣಕ್ಕೆ ಸಂಬಂಧಿಸಿದ್ದು. ಅದರಿಂದ ಅವರ ಕಲೆಯ ಬಗೆಗೆ ಏನೂ ತಿಳಿಯದು.

ಆದ್ದರಿಂದ ‘ಜನಪದರು’ ಎಂದು ಬರೆಯುವ ಮುನ್ನ ಪ್ರತಿಯೊಬ್ಬರೋ, ಒಟ್ಟಾಗಿಯೋ, ಒಟ್ಟಿನ ಒಂದು ಭಾಗವೋ ಎಂದು ಕೇಳಿಕೊಳ್ಳುವುದು ಉಚಿತ. ಅದಕ್ಕಾಗಿ ಲೋಜ್‌ಬಾನ್ ಕಲಿಯಬೇಕಿಲ್ಲ. ಆ ಭಾಷೆ ಕಿರುಪದಗಳಿಂದ ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದು ವಿಶೇಷಣ, ಒಂದು ಸಂಖ್ಯೆ, ಹಾಡಿದವಳ ಒಪ್ಪಿಗೆಯಿದ್ದರೆ ಆಕೆಯ ಹೆಸರು ಮಾಡಬಲ್ಲವು.