ಅತ್ತಿಮಬ್ಬೆಯ ಬ್ಯಾಕಪ್, ನಮ್ಮ ಪೆಚ್ಚುಮೋರೆ

ಕಳೆದ ವರ್ಷ ನಮ್ಮ ಕ್ಲಬ್ಬಿನ ನಾಲ್ಕು ಜನ ಮಂಡ್ಯದ ಹತ್ತಿರದ ಯಲಿಯೂರಿಗೆ ಹೋಗಿದ್ದೆವು. ಗೆಳೆಯನ ದೊಡ್ಡಪ್ಪನ ಆಲೆಮನೆ ಮೇಲೆ ಕಿರುಚಿತ್ರ ಮಾಡೋದು ಪ್ಲಾನ್. ಗಾಣದ ಸದ್ದು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಅಚ್ಚಿಗೆ ಬೀಳುವ ಬೆಲ್ಲ, ಪಾಕದ ಹದ ನೋಡೋದು ಹೇಗೆ ಅಂತ ದೊಡ್ಡಪ್ಪ ಹೇಳಿದ ಮಾತು, ಎರಡು ದಿನ ಎಲ್ಲ ರೆಕಾರ್ಡ್ ಆಯ್ತು. ಕ್ಯಾಮೆರಾ ಬಾಡಿಗೆಯದು. ಹಾಗಾಗಿ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಕಾರ್ಡ್ ಫಾರ್ಮ್ಯಾಟ್ ಮಾಡಿ ವಾಪಸ್ ಕೊಟ್ಟೆವು. ವಾರ ಕಳೆಯುವಷ್ಟರಲ್ಲಿ ಡಿಸ್ಕ್ ಹಾಸ್ಟೆಲ್ ಮೇಜಿನಿಂದ ಬಿತ್ತು. ಪ್ಲಗ್ ಮಾಡಿದರೆ ಟಿಕ್ ಟಿಕ್ ಅನ್ನುತ್ತೆ, ಅಷ್ಟೇ.

ಮತ್ತೆ ಶೂಟ್ ಮಾಡೋಣ ಅಂತ ಹೋದರೆ ಒಲೆ ತಣ್ಣಗಿತ್ತು. "ಆಳುಗಳು ಸಿಗ್ತಿಲ್ಲ ಕಣ್ರಪ್ಪಾ, ನಿಲ್ಸಿವ್ನಿ. ಮತ್ತೆ ಸುರು ಮಾಡ್ತೀನೋ ಇಲ್ವೋ ಹೇಳಕ್ಕಾಗಲ್ಲ" ಅಂದರು ದೊಡ್ಡಪ್ಪ. ಈಗ ನಮ್ಮ ಹತ್ತಿರ ಉಳಿದಿರೋದು ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದ 38 ಸೆಕೆಂಡಿನ ಮಸುಕು ಕ್ಲಿಪ್ ಮಾತ್ರ.

ಡಿಸ್ಕ್ ಇವತ್ತಲ್ಲ ನಾಳೆ ಹಾಳಾಗೋದು ಇದ್ದದ್ದೇ. ಕಾರ್ಡ್ ಫಾರ್ಮ್ಯಾಟ್ ಮಾಡಿದ ಕ್ಷಣ ನಮ್ಮ ಕೆಲಸವೆಲ್ಲ ಒಂದೇ ಜಾಗದಲ್ಲಿ ಉಳೀತು ನೋಡಿ, ತಪ್ಪಾಗಿದ್ದು ಅಲ್ಲಿ.

ಈ ಪಾಠ ಕನ್ನಡಕ್ಕೆ ಹೊಸದೇನಲ್ಲ. ಹತ್ತನೇ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತ ಓದಿದ್ದೇವೆ. ಓಲೆಗರಿಗೆ ಗೆದ್ದಲು, ತೇವ, ಬೆಂಕಿ ಎಲ್ಲದರ ಭಯ. ಒಂದು ಊರಿನ ಕಟ್ಟು ಹಾಳಾದರೂ ಇನ್ನೊಂದು ಊರಿನದು ಇರಬೇಕು. ಶಾಂತಿಪುರಾಣ ಉಳಿಯಿತು. ಅದೇ ಪೊನ್ನನ ‘ಭುವನೈಕ ರಾಮಾಭ್ಯುದಯ’ ನಮಗೆ ಸಿಕ್ಕಿಲ್ಲ. ಅಷ್ಟು ಹಿಂದೆ ಯಾಕೆ, ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’ದ ಪ್ರಿಂಟ್ ಕೂಡ ಇವತ್ತು ಇಲ್ಲ.

ಅತ್ತಿಮಬ್ಬೆ ಮಾಡಿದ್ದನ್ನೇ ಇವತ್ತಿನ ಭಾಷೆಯಲ್ಲಿ 3-2-1 ಸೂತ್ರ ಅಂತಾರೆ. ಕೆಲಸದ 3 ಪ್ರತಿ ಇರಲಿ. ಅವು 2 ಬೇರೆ ಬೇರೆ ಸಾಧನಗಳಲ್ಲಿರಲಿ. ಅದರಲ್ಲಿ 1 ಪ್ರತಿ ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಲಿ. ಲ್ಯಾಪ್‌ಟಾಪಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಡ್ರೈವ್‌ನಲ್ಲಿ ಒಂದು ಇದ್ದರೆ ಸಾಕು. ಲ್ಯಾಪ್‌ಟಾಪ್, ಡಿಸ್ಕ್ ಎರಡೂ ಒಂದೇ ಬ್ಯಾಗಿನಲ್ಲಿ ಇಟ್ಕೊಂಡು ಓಡಾಡಿದರೆ, ಬ್ಯಾಗ್ ಹೋದ ದಿನ ಎರಡೂ ಹೋದವು.

ಗೂಗಲ್ ಬಿಟ್ಟಿಯಾಗಿ ಕೊಡೋದು 15 ಜಿಬಿ. ಅದರಲ್ಲೇ ಜಿಮೇಲೂ ಬಂತು, ಫೋಟೋಸೂ ಬಂತು. ಎಲ್ಲ ತುಂಬಲು ಆಗಲ್ಲ. ಹಾಗಾಗಿ ಮತ್ತೆ ಮಾಡಲು ಆಗದ್ದನ್ನು ಮೊದಲು ಹಾಕಿ: ಮೂಲ ಫುಟೇಜ್, ದನಿ, ಬರೆದ ಕತೆ, ಎಡಿಟಿಂಗ್ ಪ್ರಾಜೆಕ್ಟ್ ಫೈಲ್. ಎಕ್ಸ್‌ಪೋರ್ಟ್ ಆದ ವಿಡಿಯೋವನ್ನು ಇವುಗಳಿಂದ ಮತ್ತೆ ತೆಗೀಬಹುದು. ವಾಟ್ಸಾಪಿನಲ್ಲಿ ವಿಡಿಯೋ ಕಳಿಸೋದಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾಂದ್ರೆ ಅದು ಕುಗ್ಗಿಸಿಬಿಡುತ್ತೆ.

"ನಂದು ಡ್ರೈವ್‌ಗೆ ಸಿಂಕ್ ಆಗುತ್ತೆ ಬಿಡು ಮಗಾ" ಅನ್ನೋರು ಜಾಸ್ತಿ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಫೋಲ್ಡರಿನಲ್ಲಿ ನೀವು ತಪ್ಪಾಗಿ ಡಿಲೀಟ್ ಮಾಡಿದರೆ ಅಲ್ಲೂ ಡಿಲೀಟ್. ಡ್ರೈವ್‌ನ ಟ್ರ್ಯಾಶ್ ಕೂಡ 30 ದಿನಕ್ಕೆ ಖಾಲಿಯಾಗುತ್ತೆ. ಬ್ಯಾಕಪ್ ಅಂದ್ರೆ ನಿಮ್ಮ ಇವತ್ತಿನ ತಪ್ಪು ಮುಟ್ಟಲಾಗದ ನೆನ್ನೆಯ ಪ್ರತಿ.

ಬ್ಯಾಕಪ್ ಇದೆ ಅಂದುಕೊಂಡರೂ ಸಾಲದು, ತೆರೆದು ನೋಡಬೇಕು. 1998ರಲ್ಲಿ ಪಿಕ್ಸಾರ್‌ನಲ್ಲಿ ಒಂದು ತಪ್ಪು ಕಮಾಂಡಿನಿಂದ ‘ಟಾಯ್ ಸ್ಟೋರಿ 2’ರ ಫೈಲುಗಳು ಅಳಿಸಿಹೋದವು. ನೋಡಿದರೆ ಬ್ಯಾಕಪ್ಪೂ ಸರಿಯಾಗಿ ಆಗಿರಲಿಲ್ಲ. ಪುಟ್ಟ ಮಗುವಿದ್ದ ಕಾರಣ ಮನೆಯಿಂದ ಕೆಲಸ ಮಾಡ್ತಿದ್ದ ಗ್ಯಾಲಿನ್ ಸಸ್ಮನ್ ಅವರ ಮನೆ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಸಿನಿಮಾವನ್ನು ಕಾಪಾಡಿದ್ದು.

ಈಗ ನಮ್ಮ ಕ್ಲಬ್ಬಿನಲ್ಲಿ ಭಾನುವಾರ ರಾತ್ರಿ ಊಟ ಆದಮೇಲೆ ಬ್ಯಾಕಪ್. ತಿಂಗಳಿಗೊಮ್ಮೆ ಅದರಲ್ಲಿ ಯಾವುದಾದರೂ ಒಂದು ಫೈಲ್ ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡ್ತೀವಿ. ಎರಡು ಪ್ರತಿ ಆಗೋವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡಲ್ಲ.

ದೊಡ್ಡಪ್ಪ ಮತ್ತೆ ಒಲೆ ಹಚ್ಚಿದರೆ ಫೋನ್ ಮಾಡ್ತೀನಿ ಅಂದಿದ್ದಾರೆ. ಆ ಸಲ ಒಂದು ಪ್ರತಿ ಯಲಿಯೂರಿನಲ್ಲೇ, ಅವರ ಮನೇಲಿ ಇಟ್ಟು ಬರ್ತೀವಿ.