ಕಲ್ಲಿನ ಗೋಡೆಗೆ ಕಬ್ಬಿಣದ ಹೊಲಿಗೆ

1993ರ ಸೆಪ್ಟೆಂಬರ್ 30ರ ನಸುಕು. ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಡುಗಿತು. ಸಾವಿರಾರು ಜನ ಮಲಗಿದ್ದಲ್ಲೇ ಸತ್ತರು. ಮೈಮೇಲೆ ಬಿದ್ದದ್ದು ಅವರವರ ಮನೆಯೇ.

ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಕೆಸರು, ಮೇಲೆ ಭಾರದ ಮಣ್ಣಿನ ಮಾಳಿಗೆ. ನಮ್ಮ ಬೀದರ್, ಕಲಬುರಗಿ ಕಡೆ ಹಳೇ ಮನೆಗಳೂ ಹೀಗೇ ಅಲ್ವಾ? ಹೊರಗಿಂದ ಒಂದೇ ಗೋಡೆ; ಒಳಗೆ ನೋಡಿದ್ರೆ ಎರಡು ಪದರ. ನೆಲ ಅಲುಗಿದ್ರೆ ಪದರ ಬಿಟ್ಟುಕೊಂಡು, ಉಬ್ಬಿ, ಕುಸಿಯುತ್ತೆ.

ಹಾಗಂತ ಕೆಡವಬೇಕಿಲ್ಲ. ಗೌಂಡಿ ಮೆಲ್ಲಗೆ ಕಲ್ಲು ಕಿತ್ತು, ಗೋಡೆಯಲ್ಲಿ ಆರಪಾರ ತೂತು ಮಾಡ್ತಾನೆ. ತುದಿ ಬಾಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬ್ತಾನೆ. ಅಲ್ಲಿಗೆ ಎರಡು ಪದರಕ್ಕೂ ಗಂಟು ಬಿತ್ತು! ಬಾಗಿಲ ಮೇಲ್ಭಾಗದಲ್ಲಿ ಮನೆ ಸುತ್ತ ಉಕ್ಕಿನ ಜಾಲರಿ ಬಿಗಿದು ಸಿಮೆಂಟ್ ಗಿಲಾವು ಮಾಡಬೇಕು.

ನಿಮ್ಮ ಗೋಡೆ ಹೊಟ್ಟೆ ಬಿಟ್ಟಿದೆಯಾ? ಮಳೆಗಾಲಕ್ಕೆ ಮೊದಲೇ ಎಂಜಿನಿಯರಿಗೆ ತೋರಿಸಿ.