ವಿಷಕ್ಕೊಂದು ವಿಳಾಸ

ಶಿಕಾರಿಪುರದಿಂದ ಸೊರಬವನ್ನು ದಾಟಿ ಪಡುವಣಕ್ಕೆ ಸಾಗಿದಂತೆಲ್ಲ ಕಾಡು ದಟ್ಟವಾಗುತ್ತ ಹೋಗಿ, ಕೊನೆಗೆ ಸಹ್ಯಾದ್ರಿಯ ನಿತ್ಯಹಸುರಿನ ಅರಣ್ಯ ಎದುರಾಗುತ್ತದೆ. ಆ ಸಹ್ಯಾದ್ರಿಯಲ್ಲಿ ಬೆಳೆಯುವ ಸಣ್ಣ ಮರವೊಂದಕ್ಕೆ ಕನ್ನಡದಲ್ಲಿ ‘ದುರ್ವಾಸನೆ ಮರ’ ಎಂಬ ಹೆಸರುಂಟು. ಹೊಗಳಿಕೆಯ ಹೆಸರೇನೂ ಅಲ್ಲ! ಆದರೆ 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ರಸಾಯನಶಾಸ್ತ್ರಜ್ಞರು ಈ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇರುವುದನ್ನು ತೋರಿಸಿಕೊಟ್ಟರು. ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಈ ವಿಷವನ್ನು 1966ರಲ್ಲಿ ಅಮೆರಿಕದಲ್ಲಿ ವಾಲ್ ಮತ್ತು ವಾನಿ ಎಂಬುವರು ಚೀನದ ಒಂದು ಮರದಿಂದ ಬೇರ್ಪಡಿಸಿದ್ದರು.

ಕೊಲ್ಲುವ ಶಕ್ತಿಯೇನೋ ಇತ್ತು. ರೋಗಿಗೆ ಕೊಡುವ ಬಗೆ ತಿಳಿದಿರಲಿಲ್ಲ. ಅದು ನೀರಿನಲ್ಲಿ ಕರಗದು. ಕರಗಲೆಂದು ಸೋಡಿಯಂ ಲವಣವಾಗಿ ಮಾರ್ಪಡಿಸಿದರೆ ಅಣುವಿನಲ್ಲಿದ್ದ ಒಂದು ಉಂಗುರ ಬಿಚ್ಚಿಕೊಳ್ಳುತ್ತಿತ್ತು. ಔಷಧದ ಜೀವವಿರುವುದು ಆ ಉಂಗುರದಲ್ಲೇ. ರಕ್ತದಲ್ಲಿ ನಿಸ್ತೇಜವಾದ ಲವಣವು ಆಮ್ಲಯುಕ್ತ ಮೂತ್ರವನ್ನು ಸೇರಿದೊಡನೆ ಉಂಗುರವನ್ನು ಮತ್ತೆ ಕೂಡಿಸಿಕೊಂಡು ಮೂತ್ರಕೋಶವನ್ನೇ ಗಾಯಗೊಳಿಸುತ್ತಿತ್ತು. 1970ರ ದಶಕದಲ್ಲಿ ಪ್ರಯೋಗಗಳು ನಿಂತುಹೋದುವು.

1985ರಲ್ಲಿ ಅದರ ಕಾರ್ಯರಹಸ್ಯ ಬಯಲಾಯಿತು. ಡಿ.ಎನ್.ಎ. ಎಂಬುದು ಎರಡೆಳೆಯ ಹುರಿ. ಕೋಶ ಇಬ್ಭಾಗವಾಗುವ ಮುನ್ನ ಅದರ ನಕಲಾಗಬೇಕಷ್ಟೆ. ಆಗ ಹುರಿ ಬಿಗಿಯಾಗಿ ಮುರುಟಿಕೊಳ್ಳುತ್ತದೆ. ಟೊಪೊಐಸೊಮರೇಸ್ ಎಂಬ ಕಿಣ್ವ ಒಂದೆಳೆಯನ್ನು ಕತ್ತರಿಸಿ, ಬಿಗಿಯನ್ನು ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಆ ಬಿರುಕಿನಲ್ಲಿ ಆಪಿನಂತೆ ಕುಳಿತು ಬೆಸುಗೆಯನ್ನು ತಡೆಯುತ್ತದೆ. ಕಡಿದ ಹುರಿಯೊಡನೆ ಕೋಶ ಸಾಯುತ್ತದೆ.

ಸೊರಬದ ಗುಡಿಗಾರರು ಗಂಧದ ಕೊರಡನ್ನು ಕೆತ್ತುವುದನ್ನು ಕಂಡವರಿಗೆ ಔಷಧ ರಸಾಯನಜ್ಞನ ಕೆಲಸವನ್ನು ಊಹಿಸುವುದು ಕಷ್ಟವಲ್ಲ. ಅವನ ಉಳಿ ಮಾತ್ರ ಕಣ್ಣಿಗೆ ಕಾಣದು. ಉಂಗುರವನ್ನು ಕಾಪಾಡಿಕೊಂಡೇ, ಅಣುವಿನ ಅಂಚಿಗೆ ಬೇರೆ ಪರಮಾಣುಗಳ ಗುಂಪನ್ನು ಜೋಡಿಸಿ, ನೀರಿನಲ್ಲಿ ಕರಗುವ ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳನ್ನು ರೂಪಿಸಿದರು. 1996ರಲ್ಲಿ ಇವೆರಡಕ್ಕೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇತ್ತ ಸಹ್ಯಾದ್ರಿಯಲ್ಲಿ ಈ ವಸ್ತುವಿಗಾಗಿ ಮರಗಳು ಕೊಡಲಿಗೆ ಸಿಕ್ಕಿ ವಿರಳವಾದದ್ದು ಬೇರೊಂದು ವ್ಯಥೆ.

ಆದರೂ ಕಷ್ಟ ತೀರಲಿಲ್ಲ. ಬೇಗಬೇಗನೆ ವಿಭಜನೆಗೊಳ್ಳುವ ಕೋಶಗಳು ಕ್ಯಾನ್ಸರಿನಲ್ಲಷ್ಟೇ ಇಲ್ಲ. ಕರುಳಿನಲ್ಲಿ, ಕೂದಲಿನ ಬುಡದಲ್ಲಿ, ಮೂಳೆಯ ಮಜ್ಜೆಯಲ್ಲಿಯೂ ಇವೆ. ವಿಷಕ್ಕೆ ಅವೆಲ್ಲವೂ ಒಂದೇ. ಅದಕ್ಕೊಂದು ವಿಳಾಸ ಬೇಕಾಗಿತ್ತು.

ಕೆಲವು ಸ್ತನ ಕ್ಯಾನ್ಸರುಗಳ ಕೋಶಗಳು ಹರ್-2 ಎಂಬ ಪ್ರೋಟೀನನ್ನು ಮೈಮೇಲೆ ವಿಪರೀತವಾಗಿ ಹೊತ್ತಿರುತ್ತವೆ. ಅದನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಕ್ಯಾಂಪ್ಟೊಥೆಸಿನ್ನಿನ ವಂಶದ ಸುಮಾರು 8 ಅಣುಗಳನ್ನು ಕಟ್ಟಿ ಕಳುಹಿಸುವ ಔಷಧವೊಂದು ಜಪಾನಿನಲ್ಲಿ ಸಿದ್ಧವಾಯಿತು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಆ ಔಷಧ 2019ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಇದರ ಚಾತುರ್ಯವೆಲ್ಲ ನಡುವಣ ಕೊಂಡಿಯಲ್ಲಿದೆ. ಕೊಂಡಿ ರಕ್ತದಲ್ಲಿ ಕಳಚಿದರೆ ವಿಷ ಮೈಯೆಲ್ಲ ಹರಡುವುದು. ಕೋಶದೊಳಗೆ ಕಳಚದಿದ್ದರೆ ಔಷಧ ವ್ಯರ್ಥ. ಕಾಲೇಜಿನಿಂದ ಈಗತಾನೆ ಪ್ರಯೋಗಶಾಲೆಗೆ ಬಂದ ತರುಣ ರಸಾಯನಜ್ಞನೊಬ್ಬ ಇಂಥ ಒಂದು ಕೊಂಡಿಗಾಗಿ ವರ್ಷಗಳನ್ನೇ ಕಳೆಯಬೇಕಾದೀತು. ಕಟ್ಟಿದ ಅಣುಗಳಲ್ಲಿ ಬಹುಪಾಲು ಮೂಲೆ ಸೇರುವುವು.

ಅಂಗೀಕೃತವಾದ ಈ ಔಷಧಕ್ಕೂ ದೋಷ ತಪ್ಪಿಲ್ಲ. ಕೆಲವು ರೋಗಿಗಳ ಶ್ವಾಸಕೋಶದಲ್ಲಿ ಅದು ಉರಿಯೂತವನ್ನೆಬ್ಬಿಸುತ್ತದೆ. ಅದರಿಂದ ಪ್ರಾಣಹಾನಿಯಾದದ್ದೂ ಉಂಟು. ಅಲ್ಲಿಗೆ ಹೋಗಬೇಡವೆಂದು ವಿಷಕ್ಕೆ ಹೇಳುವ ಬಗೆ ಇನ್ನೂ ಸಿಕ್ಕಿಲ್ಲ.